ಮಳೆಗೆ ಮೊದಲು ಹಿಡಿಯಬೇಕಾದ ಕೊಡೆ

"ಕೊಳೆ ಬಂತು ಕಣೆ" ಅಂದರು ಅಪ್ಪಯ್ಯ. ಅಷ್ಟೇ. ಆಮೇಲೆ ಫೋನಿನಲ್ಲಿ ಹಂಚಿನ ಮೇಲೆ ಸುರಿಯುವ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಎರಡು ವರ್ಷದ ಹಿಂದಿನ ಜುಲೈ. ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗಿನಿಂದ ಎದ್ದು ಬಂದು, ಮೆಟ್ಟಿಲ ಹತ್ತಿರ ನಿಂತು ಫೋನ್ ಹಿಡಿದಿದ್ದೆ. ಅಡಿಕೆ ತೋಟ ಇರುವ ಮನೆಯವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಮಲೆನಾಡಿನ ಮಳೆಗಾಲದಲ್ಲಿ ಎಳೆ ಅಡಿಕೆ ಕಾಯಿಗಳು ಕೊಳೆತು, ಕೊನೆಯಿಂದ ಪಟಪಟ ಉದುರಿ, ಒಂದು ವರ್ಷದ ಫಸಲು ಎರಡು ಮೂರು ವಾರದಲ್ಲಿ ನೆಲ ಸೇರುವ ರೋಗ ಇದು. ಕೊಳೆರೋಗ ಅಂತ ಕರೀತೀವಿ. ಕರಾವಳಿ ಕಡೆ ಮಹಾಳಿ ಅನ್ನುತ್ತಾರೆ.

ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಯಾಕೆಂದರೆ ಆ ವರ್ಷ ಮದ್ದು ಹೊಡೆಸುವ ಉಸ್ತುವಾರಿ ಪೂರ್ತಿ ನನ್ನದಾಗಿತ್ತು.

ತೀರ್ಥಹಳ್ಳಿ ಕಡೆ ನಮ್ಮದು ಎರಡು ಎಕರೆ ತೋಟ, ಹತ್ತಿರ ಹತ್ತಿರ ಸಾವಿರ ಮರ. ಅಪ್ಪಯ್ಯನಿಗೆ ಮೊಣಕಾಲು ನೋವು ಜಾಸ್ತಿಯಾಗಿ ತೋಟದ ಇಳಿಜಾರು ಇಳಿಯಲು ಆಗುತ್ತಿರಲಿಲ್ಲ. ಅಡಿಕೆ ಮಾರಿದ ಮೇಲೆ ಆಪರೇಷನ್ ಮಾಡಿಸೋದು ಅಂತ ನಿಶ್ಚಯವಾಗಿತ್ತು. ದುಡ್ಡು ನಾನು ಕೊಡ್ತೀನಿ ಅಂದರೆ "ಕಾಲು ನಂದು, ತೋಟವೂ ನಂದು. ಅದರ ದುಡ್ಡಲ್ಲೇ ಆಗ್ಲಿ" ಅಂದಿದ್ದರು. ಹಾಗಾದರೆ ಈ ಸಲ ಮದ್ದಿನ ಕೆಲಸವಾದರೂ ನನಗೆ ಬಿಡಿ ಅಂದೆ. ಒಪ್ಪಿದರು.

ನಮ್ಮ ಕಡೆ ಕೊನೆಗಾರರು ಸಿಗುವುದೇ ಕಷ್ಟ. ಒಬ್ಬರಿಗೆ ಹತ್ತಿಪ್ಪತ್ತು ತೋಟ ಇರುತ್ತದೆ. ನಮ್ಮ ಕೊನೆಗಾರ ಮೇ ಕೊನೆಯ ವಾರದ ದಿನ ಕೊಟ್ಟಿದ್ದ. ಆ ವಾರ ನನಗೆ ಆಫೀಸಿನಲ್ಲಿ ರಿಲೀಸ್. ರಜಾ ಸಿಗಲಿಲ್ಲ. ಮೊಬೈಲಿನಲ್ಲಿ ಹವಾಮಾನ ನೋಡಿದೆ, ಮುಂಗಾರು ತಡ ಅಂತಿತ್ತು. "ಜೂನ್ ಮಧ್ಯದಲ್ಲಿ ಹೊಡೆದರಾಯ್ತು ಅಪ್ಪಯ್ಯ" ಅಂದೆ. ಅದೇ ಸಮಯಕ್ಕೆ ಇನ್ನೊಂದು ಬುದ್ಧಿವಂತಿಕೆಯೂ ಹೊಳೆಯಿತು. ಮೈಲುತುತ್ತ, ಸುಣ್ಣ, ಬ್ಯಾರೆಲ್ಲು, ಕಲಕೋ ಕೋಲು, ಮೈಯೆಲ್ಲ ನೀಲಿ. ಈ ಕಾಲದಲ್ಲೂ ಇದೆಲ್ಲ ಯಾಕೆ? ಗಿಡದ ಒಳಗೇ ಹೋಗಿ ಕೆಲಸ ಮಾಡುವ ಅಂತರ್ವ್ಯಾಪಿ ಶಿಲೀಂಧ್ರನಾಶಕಗಳಿವೆ, ಒಳಗೆ ಹೋದ ಮೇಲೆ ಮಳೆಗೆ ತೊಳೆದು ಹೋಗುವುದಿಲ್ಲ ಅಂತ ಓದಿದೆ. ಕಾರ್ಬೆಂಡಜಿಮ್ ಅನ್ನುವ ಪುಡಿ ತರಿಸಿದೆ. ಹೆಸರಾಂತ ಶಿಲೀಂಧ್ರನಾಶಕ, ಬೆಲೆಯೂ ಕಡಿಮೆ.

ಜೂನ್ ಮಧ್ಯದಲ್ಲಿ ಸಿಕ್ಕಿದ ಎರಡು ದಿನದ ಹೊಳವಿನಲ್ಲಿ ಅದನ್ನೇ ಹೊಡೆಸಿದ್ದಾಯಿತು. ಕೊನೆಗಾರ ಬ್ಯಾರೆಲ್ ಬಗ್ಗಿ ನೋಡಿ, "ಇದೆಂತ ಸಣ್ಣಮ್ಮ, ನೀಲಿನೇ ಇಲ್ಲ?" ಅಂದ. ನಾನು ಫೋನಿನಲ್ಲೇ ನಕ್ಕೆ.

ಜುಲೈ ಎರಡನೇ ವಾರಕ್ಕೆ ಅಪ್ಪಯ್ಯನ ಫೋನ್ ಬಂತು. ಓಡಿ ಬಂದು, ಮಳೆ ನಿಂತ ಒಂದು ಮಧ್ಯಾಹ್ನ ಬೋರ್ಡೋ ಹೊಡೆಸಿದೆವು. ಆಗಲೇ ಹೊತ್ತು ಮೀರಿತ್ತು. ಅರ್ಧಕ್ಕರ್ಧ ಫಸಲು ಹೋಯಿತು. ಆಪರೇಷನ್ ಮುಂದಿನ ವರ್ಷಕ್ಕೆ ಹೋಯಿತು. ಅಪ್ಪಯ್ಯ ಇನ್ನೊಂದು ವರ್ಷ ಕೋಲು ಊರಿಕೊಂಡು ಜಗಲಿಯಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ ಓಡಾಡಿದರು.

ನಾನು ಎರಡು ತಪ್ಪು ಮಾಡಿದ್ದೆ. ಒಂದು ಕಾಲದ್ದು, ಇನ್ನೊಂದು ಮದ್ದಿನದ್ದು. ಎರಡನ್ನೂ ಅರ್ಥ ಮಾಡಿಕೊಳ್ಳಲು ಆ ಮಳೆಗಾಲವೆಲ್ಲ ಓದಿದೆ. ತೋಟದವರಿಗಷ್ಟೇ ಅಲ್ಲ, ಟೆರೇಸಿನಲ್ಲಿ ನಾಲ್ಕು ಟೊಮೇಟೊ ಗಿಡ ಇಟ್ಟವರಿಗೂ ಇದು ಉಪಯೋಗಕ್ಕೆ ಬರಬಹುದು.

ಈಜಿ ಬರುವ ರೋಗ

ಕೊಳೆ ಹತ್ತಿದ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಮೊದಲು ತೊಟ್ಟಿನ ಹತ್ತಿರ ನೀರು ಇಳಿದ ಹಾಗೆ ಕಪ್ಪು ಹಸಿರಿನ ಮಚ್ಚೆ ಕಾಣುತ್ತದೆ. ಕಾಯಿಯ ಹೊಳಪು ಹೋಗುತ್ತದೆ. ಮಚ್ಚೆ ದೊಡ್ಡದಾಗಿ ಕಾಯಿ ಉದುರುತ್ತದೆ. ಉದುರಿದ ಕಾಯಿಯ ಮೇಲೆ ಒಂದೆರಡು ದಿನದಲ್ಲಿ ಬಿಳಿ ಬೂಷ್ಟು ಹತ್ತಿಯ ಹಾಗೆ ಮುಚ್ಚಿಕೊಳ್ಳುತ್ತದೆ. ರೋಗ ಮೇಲಕ್ಕೆ ಏರಿ ಸುಳಿಗೆ ಇಳಿದರೆ ಮರವೇ ಹೋಗುತ್ತದೆ.

ಇದಕ್ಕೆ ಕಾರಣವಾದ ಜೀವಿಯ ಹೆಸರು ಫೈಟಾಫ್ತೊರಾ. ಜರ್ಮನಿಯ ಆಂಟನ್ ಡಿ ಬಾರಿ 1876ರಲ್ಲಿ ಇಟ್ಟ ಹೆಸರು. ಗ್ರೀಕಿನಲ್ಲಿ ಗಿಡ ಹಾಳುಮಾಡುವುದು ಅಂತ ಅರ್ಥ. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ, ಲಕ್ಷಾಂತರ ಜನರ ಸಾವಿಗೆ ಕಾರಣವಾದದ್ದು ಇದೇ ಕುಲದ ಇನ್ನೊಂದು ಜಾತಿ. ನಮ್ಮ ಕಾಳುಮೆಣಸಿನ ಬಳ್ಳಿಯನ್ನು ನೋಡನೋಡುತ್ತಿದ್ದಂತೆ ಸಾಯಿಸುವ ಸೊರಗು ರೋಗದ್ದೂ ಇದೇ ಕುಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಫೈಟಾಫ್ತೊರಾವನ್ನು ಹಿಂದಿನಿಂದಲೂ ಶಿಲೀಂಧ್ರ ಅಂತಲೇ ಕರೆದುಕೊಂಡು ಬಂದಿದ್ದಾರೆ, ಕೃಷಿ ಪುಸ್ತಕಗಳಲ್ಲೂ ಆ ಗುಂಪಿನಲ್ಲೇ ಇರುತ್ತದೆ. ಆದರೆ ನಿಜವಾಗಿ ಅದು ಅಣಬೆ, ಬೂಷ್ಟುಗಳ ಕುಟುಂಬದ್ದಲ್ಲ. ಶಿಲೀಂಧ್ರಗಳ ಕೋಶದ ಗೋಡೆ ಕೈಟಿನ್‌ನದ್ದು, ಅಂದರೆ ಏಡಿಯ ಚಿಪ್ಪಿನಲ್ಲಿರುವ ವಸ್ತು. ಇದರ ಗೋಡೆಯಲ್ಲಿ ಇರುವುದು ಗಿಡಗಳ ಹಾಗೆ ಸೆಲ್ಯುಲೋಸ್. ವಂಶದ ಲೆಕ್ಕ ಹಿಡಿದರೆ ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ ನೆಂಟ. ಇದರ ಬೀಜಕಣಗಳಿಗೆ ಎರಡು ಸಣ್ಣ ಬಾಲಗಳಿರುತ್ತವೆ. ಕಾಯಿಯ ಮೇಲೆ ತೆಳುವಾಗಿ ನೀರಿನ ಪದರ ಇದ್ದರೆ ಸಾಕು, ಅದರಲ್ಲಿ ಈಜಿಕೊಂಡು ಹೋಗಿ ಅಂಟಿಕೊಳ್ಳುತ್ತವೆ. ಬಿಟ್ಟೂ ಬಿಡದ ಮಳೆ, ತಣ್ಣನೆ ಹವೆ, ನಡುನಡುವೆ ಒಂದಿಷ್ಟು ಬಿಸಿಲು: ಇದಕ್ಕೆ ಅದೇ ಹಬ್ಬ. ನಮ್ಮ ಮೃಗಶಿರಾ, ಆರಿದ್ರಾ ಮಳೆಗಳು ಹೇಳಿ ಮಾಡಿಸಿದ ಹಾಗಿರುತ್ತವೆ.

ಕಾರ್ಬೆಂಡಜಿಮ್ ಶಿಲೀಂಧ್ರದ ಕೋಶ ಒಡೆದು ಎರಡಾಗುವ ಕೆಲಸವನ್ನು ತಡೆಯುತ್ತದೆ. ಶಿಲೀಂಧ್ರದ ಒಳಗೆ ಅದು ಹೋಗಿ ಹಿಡಿಯುವ ಒಂದು ಜಾಗ ಇದೆ. ಫೈಟಾಫ್ತೊರಾದಲ್ಲಿ ಆ ಜಾಗಕ್ಕೆ ಅದು ಕಚ್ಚುವುದೇ ಇಲ್ಲ. ನಾನು ಕೈಯಲ್ಲಿ ಕೀ ಹಿಡಿದುಕೊಂಡು ಬೇರೆಯವರ ಮನೆ ಬೀಗ ತೆಗೆಯಲು ಹೋಗಿದ್ದೆ. ಅದು ಒಳ್ಳೆಯ ಶಿಲೀಂಧ್ರನಾಶಕ ಅನ್ನುವುದರಲ್ಲಿ ಸುಳ್ಳಿಲ್ಲ. ಎದುರಿಗಿದ್ದದ್ದು ಶಿಲೀಂಧ್ರ ಆಗಿರಲಿಲ್ಲ, ಅಷ್ಟೇ. ಡಬ್ಬದ ಮೇಲೆ ಯಾವ ಬೆಳೆ, ಯಾವ ರೋಗ ಅಂತ ಬರೆದಿರುತ್ತದೆ. ಇಂಜಿನಿಯರಿಂಗ್ ಓದಿದವಳು ಅದನ್ನು ಓದಿರಲಿಲ್ಲ.

ಕೊಟ್ಟೆಯಿಂದ ಬೋರ್ಡೋವರೆಗೆ

ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. 1870ರ ದಶಕದ ಕೊನೆಗೆ ಅಮೆರಿಕದಿಂದ ಬಂದ ಬೂಜು ರೋಗ ಅಲ್ಲಿನ ದ್ರಾಕ್ಷಿ ಎಲೆಗಳನ್ನು ಉದುರಿಸುತ್ತಿತ್ತು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲ್ಲಾರ್ಡೆ 1882ರಲ್ಲಿ ಮೆಡಾಕ್ ಸೀಮೆಯ ರಸ್ತೆಯಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರ ನೋಡಿದರು. ಎಲ್ಲ ಕಡೆ ಎಲೆ ಉದುರಿದೆ, ರಸ್ತೆ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ಇದೆ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದಿರಲಿ ಅಂತ ಅಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರಂತೆ. ನೋಡಿದರೆ ವಿಷದ ಹಾಗೆ ಕಾಣಲಿ ಅಂತ. ಕಳ್ಳರ ಜೊತೆ ರೋಗವೂ ದೂರ ಉಳಿದಿತ್ತು. ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಮಿಲ್ಲಾರ್ಡೆ ಅದನ್ನು ಪ್ರಕಟಿಸಿದರು. ಆ ದ್ರಾಕ್ಷಿಯ ಬೂಜೂ ನಮ್ಮ ಕೊಳೆಯ ಬಳಗದ್ದೇ, ಈಜುವ ಬೀಜಕಣದ್ದು.

ಮಲೆನಾಡಿಗೆ ಅದನ್ನು ತಂದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಅವರ ಮೊದಲ ದೊಡ್ಡ ಕೆಲಸ ಅಡಿಕೆಯ ಕೊಳೆರೋಗದ್ದು. 1910ರಲ್ಲಿ ಅದರ ಮೇಲೆ ವರದಿ ಬಂತು, ಬೋರ್ಡೋ ಸಿಂಪಡಣೆಯ ಶಿಫಾರಸು ಬಂತು. ಕೊಳೆರೋಗ ಅನ್ನುವ ನಮ್ಮ ಪದವೂ ವಿಜ್ಞಾನದ ಪುಸ್ತಕ ಸೇರಿದೆ. ಕಾಫಿ ಎಲೆಯನ್ನು ಕೊಳೆಸುವ ಬೇರೊಂದು ಶಿಲೀಂಧ್ರದ ಹೆಸರೇ ಕೊಳೆರೋಗಾ ನಾಕ್ಸಿಯಾ. ಎರಡೂ ಬೇರೆ ಜೀವಿ, ಹೆಸರು ಮಾತ್ರ ಕನ್ನಡದ್ದು.

ಹಾಗಾದರೆ ಕೋಲ್ಮನ್‌ಗೆ ಮೊದಲು ನಮ್ಮವರು ಏನು ಮಾಡುತ್ತಿದ್ದರು? ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲು ಹೆಣೆದು, ಪ್ರತಿ ಕೊನೆಗೂ ಟೊಪ್ಪಿಯ ಹಾಗೆ ಹೊದಿಸಿ ಕಟ್ಟುವುದು. ಮರ ಮರ ಹತ್ತಿ, ಮಳೆಗೆ ಮೊದಲು. ನಮ್ಮ ಅಜ್ಜ ಚಿಕ್ಕವರಿದ್ದಾಗ ನೋಡಿದ್ದನ್ನು ಅಪ್ಪಯ್ಯನಿಗೆ ಹೇಳಿದ್ದರಂತೆ.

ಇದನ್ನು ಕೇಳಿದ ಮೇಲೆ ನನ್ನ ಮೊದಲನೇ ತಪ್ಪು ಅರ್ಥವಾಯಿತು. ಕೊಟ್ಟೆ ರೋಗ ವಾಸಿ ಮಾಡುವುದಿಲ್ಲ. ಕಾಯಿಗೆ ನೀರು ತಾಗದ ಹಾಗೆ ನೋಡಿಕೊಳ್ಳುತ್ತದೆ. ಬೋರ್ಡೋ ಕೆಲಸವೂ ಹೆಚ್ಚುಕಡಿಮೆ ಅದೇ. ಕಾಯಿಯ ಮೇಲೆ ತಾಮ್ರದ ಸಣ್ಣ ಸಣ್ಣ ಕಣಗಳು ಪದರವಾಗಿ ಕೂರುತ್ತವೆ. ತೇವ ಬಿದ್ದಾಗ ಒಂದಿಷ್ಟೇ ತಾಮ್ರ ಬಿಟ್ಟುಕೊಡುತ್ತವೆ. ಆ ತೇವದಲ್ಲಿ ಈಜಿ ಬಂದ ಬೀಜಕಣ ಅಲ್ಲೇ ಸಾಯುತ್ತದೆ. ಒಳಗೆ ಹೊಕ್ಕ ರೋಗದ ಹತ್ತಿರ ತಾಮ್ರ ಹೋಗುವುದೇ ಇಲ್ಲ.

ನಾವು ಮದ್ದು, ಔಷಧಿ ಅಂತ ಕರೆದು ಕರೆದು, ಜ್ವರ ಬಂದ ಮೇಲೆ ಮಾತ್ರೆ ನುಂಗುವ ಹಾಗೆ ಅಂದುಕೊಂಡಿರುತ್ತೇವೆ. ಬೋರ್ಡೋ ಅಂದರೆ ಕೊಡೆ. ನೆನೆದ ಮೇಲೆ ಬಿಚ್ಚಿದರೆ ಮೈ ಒಣಗುವುದಿಲ್ಲ.

ಸುಣ್ಣಕ್ಕೆ ತುತ್ತ, ತುತ್ತಕ್ಕೆ ಸುಣ್ಣ ಅಲ್ಲ

ಹೋದ ವರ್ಷ ಮೇ ಕೊನೆಯ ವಾರ ರಜಾ ಹಾಕಿ ಊರಿಗೆ ಹೋದೆ. ಅಪ್ಪಯ್ಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕೊನೆಗಾರ, ಅವನ ಜೊತೆಗೆ ಇಬ್ಬರು, ನಾನು.

ಶೇಕಡ 1ರ ಬೋರ್ಡೋಗೆ ಲೆಕ್ಕ ಸುಲಭ: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ನಮ್ಮದು 200 ಲೀಟರ್ ಬ್ಯಾರೆಲ್, ಹಾಗಾಗಿ ಎರಡೆರಡು ಕೆ.ಜಿ. ಅರ್ಧ ನೀರಿನಲ್ಲಿ ತುತ್ತ ಕರಗಿಸಬೇಕು, ಉಳಿದರ್ಧದಲ್ಲಿ ಸುಣ್ಣದ ತಿಳಿಹಾಲು. ತುತ್ತದ ಹರಳು ಬೇಗ ಕರಗುವುದಿಲ್ಲ. ಗೋಣಿ ತುಂಡಿನಲ್ಲಿ ಕಟ್ಟಿ ರಾತ್ರಿಯೇ ನೀರಿನಲ್ಲಿ ಇಳಿಬಿಟ್ಟರೆ ಬೆಳಗ್ಗೆಗೆ ಕರಗಿರುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೇ ಆಗಬೇಕು. ನಾನು ಒಂದು ಕಬ್ಬಿಣದ ಬಕೆಟ್ ಎತ್ತಿಕೊಂಡೆ. "ಅದನ್ನ ಇಡು ಅತ್ಲಾಗೆ. ತಳ ತೂತಾಗ್ತದೆ, ಮದ್ದೂ ಕೆಡ್ತದೆ" ಅಂದರು ಅಪ್ಪಯ್ಯ.

ಬೆರೆಸುವಾಗ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯಬೇಕು, ಒಬ್ಬರು ಬಿಡದೆ ಕೋಲಿನಲ್ಲಿ ತಿರುಗಿಸುತ್ತಿರಬೇಕು. ಇಲ್ಲವೇ ಎರಡನ್ನೂ ಒಟ್ಟಿಗೆ ಮೂರನೇ ಬ್ಯಾರೆಲ್ಲಿಗೆ ಸುರಿಯಬಹುದು. ಗಟ್ಟಿ ತುತ್ತಕ್ಕೆ ಗಟ್ಟಿ ಸುಣ್ಣ ಸುರಿದು ಆಮೇಲೆ ನೀರು ಹಾಕಿದರೆ ಕಣಗಳು ದಪ್ಪವಾಗಿ ತಳಕ್ಕೆ ಕೂರುತ್ತವೆ, ನಾಜಲ್ ಕಟ್ಟಿಕೊಳ್ಳುತ್ತದೆ, ಕಾಯಿಗೂ ಸರಿಯಾಗಿ ಹಿಡಿಯುವುದಿಲ್ಲ. ಸರಿಯಾಗಿ ಬೆರೆತ ಬೋರ್ಡೋ ಬಣ್ಣ ಆಕಾಶ ನೀಲಿ. ನೋಡಲು ಅಷ್ಟು ಚೆಂದ.

ಆಮೇಲೆ ಚಾಕು ಪರೀಕ್ಷೆ. ಉಜ್ಜಿ ಹೊಳಪು ಬಂದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಮುಳುಗಿಸಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಛಾಯೆ ಕಂಡರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಹುಳಿ ಉಳಿದ ಮದ್ದು ಹೊಡೆದರೆ ಎಳೆ ಕಾಯಿ ಸುಟ್ಟು ಹೋಗುತ್ತದೆ. ಕಬ್ಬಿಣವನ್ನು ತಾಮ್ರದ ದ್ರಾವಣದಲ್ಲಿ ಅದ್ದಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ನಮ್ಮ ಅಂಗಳದಲ್ಲಿ ಪ್ರತಿ ಮೇ ತಿಂಗಳು ಅದೇ ಪ್ರಯೋಗ ನಡೆಯುತ್ತಿತ್ತು ಅಂತ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಬಕೆಟ್ಟಿನ ತಳ ತೂತಾಗುವುದೂ ಅದೇ ಕಾರಣಕ್ಕೆ. ಚಾಕುವಿನ ಬದಲು ಲಿಟ್ಮಸ್ ಕಾಗದವೂ ಆಗುತ್ತದೆ.

ಕೊನೆಗೆ ರಾಳದ ಅಂಟು ಬೆರೆಸುತ್ತೇವೆ, ಮಳೆಗೆ ಬೇಗ ತೊಳೆದು ಹೋಗದಿರಲಿ ಅಂತ. ಬೆರೆಸಿದ್ದನ್ನು ಅದೇ ದಿನ ಮುಗಿಸಬೇಕು. ನಾಳೆಗೆ ಇಟ್ಟರೆ ಕಣಗಳು ಗಂಟುಗಟ್ಟಿ ಅಂಟುವ ಗುಣ ಹೋಗುತ್ತದೆ. ಒದ್ದೆ ಕಾಯಿಗೆ ಹೊಡೆಯಬಾರದು. ಹೊಡೆದ ಮೇಲೆ ಒಣಗಲು ಕೆಲವು ಗಂಟೆಯಾದರೂ ಹೊಳವು ಬೇಕು.

ಮೊದಲ ಮದ್ದು ಮಳೆ ಹಿಡಿಯುವ ಮೊದಲು. ಎರಡನೆಯದು 40ರಿಂದ 45 ದಿನಕ್ಕೆ. ಎರಡನೆಯದು ಯಾಕೆ ಅಂತ ನಾನು ಕೇಳಿದ್ದೆ. ಮಳೆ ತೊಳೆಯುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಅಷ್ಟು ದಿನದಲ್ಲಿ ಕಾಯಿ ಬೆಳೆದಿರುತ್ತದೆ. ಹೊಸದಾಗಿ ಬೆಳೆದ ಮೈಗೆ ಕೊಡೆ ಇರುವುದಿಲ್ಲ. ಮಗುವಿಗೆ ಹೋದ ವರ್ಷದ ಅಂಗಿ ಸಾಲದ ಹಾಗೆ.

ಹೊಸ ಮದ್ದುಗಳೂ ಬೇಕು, ಆದರೆ

ಇಷ್ಟು ಹೇಳಿದ ಮೇಲೆ ಹಳೆಯದೇ ಒಳ್ಳೆಯದು ಅನ್ನುವ ವಾದ ನನ್ನದು ಅಂದುಕೊಳ್ಳಬೇಡಿ. ಫೈಟಾಫ್ತೊರಾಗೆ ಅಂತಲೇ ಇರುವ ಮದ್ದುಗಳೂ ಇವೆ. ಮೆಟಲಾಕ್ಸಿಲ್ 1970ರ ದಶಕದ ಕೊನೆಗೆ ಬಂತು. ಗಿಡದ ಒಳಗೆ ಹೋಗಿ ಕೆಲಸ ಮಾಡುತ್ತದೆ. ಮ್ಯಾಂಡಿಪ್ರೊಪಮಿಡ್ ಅನ್ನುವುದನ್ನು ಈಗೀಗ ಅಡಿಕೆಯ ಕೊಳೆಗೂ ಶಿಫಾರಸು ಮಾಡುತ್ತಿದ್ದಾರೆ. ಬೋರ್ಡೋ ಮಾಡಲು ಜನ ಸಿಗದ ಮನೆಗಳಿಗೆ ಇವು ಅನುಕೂಲ.

ಆದರೆ ಇಂಥ ಮದ್ದುಗಳು ರೋಗಾಣುವಿನ ಯಾವುದೋ ಒಂದೇ ಜಾಗಕ್ಕೆ ಹೊಡೆಯುತ್ತವೆ. ಆ ಒಂದು ಜಾಗ ಬದಲಾಯಿಸಿಕೊಂಡ ರೋಗಾಣು ಹುಟ್ಟಿದರೆ ಮುಗಿಯಿತು. ಮೆಟಲಾಕ್ಸಿಲ್‌ಗೆ ಬಗ್ಗದ ಫೈಟಾಫ್ತೊರಾ ಯುರೋಪಿನ ಆಲೂಗಡ್ಡೆ ಹೊಲಗಳಲ್ಲಿ 1980ರಲ್ಲೇ ಕಾಣಿಸಿಕೊಂಡಿತು. ತಾಮ್ರ ಹಾಗಲ್ಲ, ಕೋಶದ ಒಳಗೆ ಹತ್ತಾರು ಕಡೆ ಒಟ್ಟಿಗೆ ಕೆಡಿಸುತ್ತದೆ. ಅದಕ್ಕೇ 1885ರ ಮದ್ದು ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಹೊಸ ಮದ್ದನ್ನು ಪ್ರತಿ ಸಲವೂ ಅದೊಂದನ್ನೇ ಹೊಡೆಯದೆ, ಬೇರೆ ಬಗೆಯದರ ಜೊತೆ ಅಥವಾ ಅದಲುಬದಲು ಮಾಡಿ ಬಳಸಿ ಅಂತ ಹೇಳುವುದು ಇದೇ ಕಾರಣಕ್ಕೆ.

ಮೊದಲು ರೋಗ ಯಾವುದು ಅಂತ ಗೊತ್ತಿರಬೇಕು. ಈಚಿನ ವರ್ಷಗಳಲ್ಲಿ ಕಳಸ, ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ತೋಟಗಳನ್ನು ಹೆದರಿಸಿರುವುದು ಎಲೆಚುಕ್ಕೆ ರೋಗ. ಅದಕ್ಕೆ ಕಾರಣ ಕೊಲೆಟೋಟ್ರೈಕಮ್‌ನಂಥ ನಿಜವಾದ ಶಿಲೀಂಧ್ರಗಳು. ಅದಕ್ಕೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಮುಂತಾದವನ್ನು ಹೇಳುತ್ತಾರೆ. ಇವು ಶಿಲೀಂಧ್ರ ತನ್ನ ಪೊರೆಗೆ ಬೇಕಾದ ಒಂದು ಕೊಬ್ಬಿನಂಥ ವಸ್ತು ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ! ಅಂದರೆ ಒಂದೇ ಮರ, ಎಲೆಯ ರೋಗಕ್ಕೆ ಒಂದು ಮದ್ದು, ಕಾಯಿಯ ರೋಗಕ್ಕೆ ಇನ್ನೊಂದು. ಎಲೆಚುಕ್ಕೆಗೆ ಹೊಡೆದಿದ್ದೀವಲ್ಲ, ಕೊಳೆಗೂ ಆಯ್ತು ಅಂದುಕೊಂಡರೆ ನನ್ನ ಕಥೆಯೇ ಆಗುತ್ತದೆ. ಅನುಮಾನ ಬಂದರೆ ಒಂದು ಎಲೆ, ಎರಡು ಕಾಯಿ ಹಿಡಿದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಹೋಗಿ ಕೇಳಿ.

ತೋಟ ಇಲ್ಲದವರಿಗೂ ಇದೇ ಲೆಕ್ಕ. ಕುಂಬಳ, ಸೌತೆ, ಗುಲಾಬಿ ಎಲೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬರುವ ಬೂದಿ ರೋಗ ನಿಜವಾದ ಶಿಲೀಂಧ್ರದ್ದು, ಅದಕ್ಕೆ ನೀರಿನಲ್ಲಿ ಕರಡುವ ಗಂಧಕ ಸಾಕು. ಸುಡುಬಿಸಿಲಿನಲ್ಲಿ ಮಾತ್ರ ಹೊಡೆಯಬೇಡಿ, ಎಲೆ ಸುಡುತ್ತದೆ. ಮಳೆಗಾಲದಲ್ಲಿ ಟೊಮೇಟೊ ಎಲೆ ಅಂಚಿನಿಂದ ಕಪ್ಪಾಗಿ ಬೆಂದ ಹಾಗಾಗುವ ಅಂಗಮಾರಿ ಫೈಟಾಫ್ತೊರಾದ್ದು, ಅದಕ್ಕೆ ತಾಮ್ರದ ಮದ್ದು, ಅದೂ ಮೊದಲೇ. ಕುಂಡಕ್ಕೆ ನೀರು ಹಾಕುವಾಗ ಎಲೆ ತೋಯಿಸದೆ ಬುಡಕ್ಕೆ ಹಾಕಿದರೆ ಅರ್ಧ ರೋಗ ಬರುವುದೇ ಇಲ್ಲ.

ನೀಲಿ ಅಂಗಿ

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಕೊಡೆಗೂ ಬೆಲೆ ಇದೆ.

ಮದ್ದು ಹೊಡೆದ ದಿನ ಸಂಜೆ ನಮ್ಮ ಕೊನೆಗಾರನ ಅಂಗಿ, ಹುಬ್ಬು, ಕೈಯ ಉಗುರು ಎಲ್ಲ ನೀಲಿ. ತಳೆ ಹಾಕಿ ಮರದ ತುದಿಯಲ್ಲಿ ನಿಂತು ಮೇಲಕ್ಕೆ ಹೊಡೆದರೆ ಅರ್ಧ ಅವನ ಮುಖಕ್ಕೇ ಬೀಳುತ್ತದೆ. ಕಣ್ಣು ಉರಿಯುತ್ತದೆ. ಹೋದ ವರ್ಷ ಕನ್ನಡಕ, ಕೈಗವಸು, ಮಾಸ್ಕ್ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡ. ಕೈಗವಸು ಹಾಕಿದರೆ ಮರ ಜಾರುತ್ತದೆ ಅಂತ ತೆಗೆದಿಟ್ಟ. ಅವನು ಹೇಳಿದ್ದು ಸರಿಯೇ. ಎತ್ತರದಿಂದ ಬಿದ್ದವರ ಕಥೆ ನಮ್ಮ ಸುತ್ತ ಎಷ್ಟೋ ಇವೆ. ಈ ವರ್ಷ ನೆಲದಲ್ಲಿ ನಿಂತೇ ಹೊಡೆಯುವ ಕಾರ್ಬನ್ ಫೈಬರ್ ದೋಟಿ ತರಿಸುವ ಮಾತಾಗಿದೆ. ಅವನೇ ಅದನ್ನು ಹಿಡಿಯಲು ಕಲಿಯುತ್ತಿದ್ದಾನೆ. ಅಂಗಡಿಯಲ್ಲಿ ಯಾವ ಮದ್ದು ತಂದರೂ ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು.

ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ. ವರ್ಷ ವರ್ಷ ಸೇರುತ್ತಾ ಹೋಗುತ್ತದೆ, ಎರೆಹುಳಕ್ಕೆ ಒಳ್ಳೆಯದಲ್ಲ. ಯುರೋಪಿನ ಒಕ್ಕೂಟ 7 ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ. ತಾಮ್ರ ಅಂತ ಮಿತಿ ಹಾಕಿದೆ, ಅಂದರೆ ಸರಾಸರಿ ವರ್ಷಕ್ಕೆ 4 ಕೆ.ಜಿ. ನಮ್ಮ ತೋಟದ ಲೆಕ್ಕ ಹಾಕಿದೆ. ಒಂದು ಸಲಕ್ಕೆ 5 ಬ್ಯಾರೆಲ್, 10 ಕೆ.ಜಿ. ತುತ್ತ. ತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಎರಡು ಸಲಕ್ಕೆ 5 ಕೆ.ಜಿ. ಹೆಕ್ಟೇರಿಗೆ ಲೆಕ್ಕ ಮಾಡಿದರೆ 6 ಕೆ.ಜಿ. ದಾಟುತ್ತದೆ. ಅಪ್ಪಯ್ಯನಿಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಕೊನೆಗೆ ಮಾತ್ರ ತಾಗೋ ಹಾಗೆ ಹೊಡೀಬೇಕು. ಎಲೆಗೆಲ್ಲ ಎರಚೋದು ಯಾಕೆ?" ಅಂದರು.

ಮದ್ದನ್ನು ಕಡಿಮೆ ಮಾಡುವ ಕೆಲಸಗಳು ಇವೆ, ಯಾವುದೂ ಹೊಸತಲ್ಲ. ಬಸಿಗಾಲುವೆಯ ಹೂಳು ತೆಗೆದು ನೀರು ನಿಲ್ಲದ ಹಾಗೆ ಮಾಡುವುದು. ಉದುರಿದ ಕೊಳೆ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ ನಾಶ ಮಾಡುವುದು. ಒಣಗಿ ನೇತಾಡುವ ಹಳೇ ಕೊನೆ ಕೊಯ್ದು ತೆಗೆಯುವುದು, ಮುಂದಿನ ವರ್ಷದ ಕೊಳೆ ಅದರಲ್ಲೂ ಅಡಗಿರುತ್ತದೆ. ಮತ್ತೆ ಬ್ಯಾರೆಲ್ ತೊಳೆದ ನೀರು ಹಳ್ಳಕ್ಕೆ ಬಿಡದಿರುವುದು. ತಾಮ್ರ ಮೀನಿಗೆ ಮಹಾ ವಿಷ. ಸಣ್ಣವರಿದ್ದಾಗ ಮದ್ದಿನ ದಿನ ಹಳ್ಳದಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲುವುದನ್ನು ನೋಡಿದ್ದೆ. ಯಾಕೆ ಅಂತ ಆಗ ಯಾರೂ ಹೇಳಿರಲಿಲ್ಲ.

ಹೋದ ವರ್ಷ ನಮ್ಮಲ್ಲಿ ಕೊಳೆ ಬರಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಹಳ್ಳದ ಬದಿಯ ಎರಡು ಸಾಲಿನಲ್ಲಿ ಬಂತು. ಅಲ್ಲಿ ಬಿಸಿಲು ಇಳಿಯುವುದು ಕಡಿಮೆ. ಉದುರಿದ್ದನ್ನು ಬುಟ್ಟಿಯಲ್ಲಿ ಆರಿಸಿದೆವು. ಉಳಿದ ತೋಟ ನಿಂತಿತು. ಫೆಬ್ರುವರಿಯಲ್ಲಿ ಅಪ್ಪಯ್ಯನ ಮೊಣಕಾಲಿನ ಆಪರೇಷನ್ ಆಯಿತು, ಅವರು ಹೇಳಿದ ಹಾಗೆ ತೋಟದ ದುಡ್ಡಿನಲ್ಲೇ.

ಇದನ್ನು ಬರೆಯುವಾಗ ಮೇ ಮೂರನೇ ವಾರ. ನಿನ್ನೆ ಫೋನ್ ಮಾಡಿದಾಗ ಅಪ್ಪಯ್ಯ ತೋಟದಲ್ಲಿದ್ದರು. ಕೋಲು ಹಿಡಿದುಕೊಂಡೇ ಹೋಗಿದ್ದಂತೆ, ಬರುವಾಗ ಮಾತ್ರ ಕೋಲು ಎಲ್ಲಿ ಬಿಟ್ಟೆ ಅಂತ ಮರೆತು ಅಮ್ಮನ ಹತ್ತಿರ ಬೈಸಿಕೊಂಡಿದ್ದರು. ತುತ್ತ ತಂದಾಗಿದೆ, ಸುಣ್ಣ ನಾಳೆ ಬರುತ್ತದೆ. ಕೊನೆಗಾರ 27ಕ್ಕೆ ದಿನ ಕೊಟ್ಟಿದ್ದಾನೆ. ಈ ಸಲ ನನ್ನ ರಜಾ ಏಪ್ರಿಲಿನಲ್ಲೇ ಮಂಜೂರಾಗಿದೆ.

ನಮ್ಮ ಕಡೆ ಈ ದಿನಗಳಲ್ಲಿ ಮದುವೆ ಮನೆಯಲ್ಲಿ ಸಿಕ್ಕರೂ, ಬಸ್ಸಿನಲ್ಲಿ ಸಿಕ್ಕರೂ ಜನ ಕ್ಷೇಮ ಕೇಳುವುದು ಹೀಗೇ. ನಿಮ್ಮನ್ನೂ ಕೇಳಿಬಿಡುತ್ತೇನೆ: ಮೊದಲ ಮದ್ದು ಹೊಡೆದಾಯ್ತಾ?